ಮಿನಾಕ್ಸಿಡಿಲ್ ಜೊತೆಗೆ ಫಿನಾಸ್ಟರೈಡ್: ಕೂದಲಿನ ಔಷಧಗಳನ್ನು ಜೋಡಿಸುವ ಮುನ್ನ

ಪ್ರಶ್ನೆ: ನನಗೆ 33 ವರ್ಷ. ಐದಾರು ವರ್ಷಗಳಿಂದ ನೆತ್ತಿಯ ಹಿಂಭಾಗದಲ್ಲಿ ಕೂದಲು ತೆಳುವಾಗುತ್ತಾ ಬಂದಿದೆ. ಹಣೆಯ ಎರಡೂ ಮೂಲೆಗಳು ಹಿಂದೆ ಸರಿದಿವೆ. ತಂದೆಯವರಿಗೂ ಸೋದರಮಾವನಿಗೂ ತಲೆ ಬೋಳಾಗಿದೆ. ಹತ್ತು ತಿಂಗಳಿಂದ 5% ಮಿನಾಕ್ಸಿಡಿಲ್ ದ್ರಾವಣವನ್ನು ಹಚ್ಚುತ್ತಿದ್ದೇನೆ. ಉದುರುವುದು ಕಡಿಮೆಯಾಗಿದೆ, ಆದರೆ ನೆತ್ತಿ ತುಂಬಿಲ್ಲ. ಗೆಳೆಯನೊಬ್ಬ ಮಿನಾಕ್ಸಿಡಿಲ್ ಮಾತ್ರೆ ಮತ್ತು ಡುಟಾಸ್ಟರೈಡ್ ಎರಡನ್ನೂ ತೆಗೆದುಕೊಳ್ಳುತ್ತಿದ್ದಾನೆ, ಅವನಿಗೆ ಕೂದಲು ಚೆನ್ನಾಗಿ ಬಂದಿದೆ. ಫಿನಾಸ್ಟರೈಡ್ ಮತ್ತು ಮಿನಾಕ್ಸಿಡಿಲ್ ಬೆರೆತ ಸ್ಪ್ರೇ ಒಂದೇ ಬಾಟಲಿಯಲ್ಲಿ ಸಿಗುತ್ತದೆ, ಅದರಿಂದ ಅಡ್ಡಪರಿಣಾಮವೇ ಇಲ್ಲ ಎಂದೂ ಓದಿದೆ. ಎಲ್ಲವನ್ನೂ ಒಟ್ಟಿಗೆ ಆರಂಭಿಸಿದರೆ ಬೇಗ ಫಲ ಸಿಗುವುದೇ? ಫಿನಾಸ್ಟರೈಡ್‌ನಿಂದ ಪುರುಷತ್ವಕ್ಕೆ ಶಾಶ್ವತ ಹಾನಿ ಎಂಬ ಮಾತು ನಿಜವೇ? ರಕ್ತದೊತ್ತಡಕ್ಕೆ ದಿನವೂ 5 ಮಿ.ಗ್ರಾಂ. ಅಮ್ಲೋಡಿಪಿನ್ ಮಾತ್ರೆ ಸೇವಿಸುತ್ತೇನೆ. ನಾನೂ ನನ್ನ ಪತ್ನಿಯೂ ಈ ವರ್ಷ ಮಗುವನ್ನು ಪಡೆಯುವ ಯೋಚನೆಯಲ್ಲಿದ್ದೇವೆ. 26ನೇ ವಯಸ್ಸಿನಲ್ಲಿ ಒಂದು ವರ್ಷ ಖಿನ್ನತೆಗೆ ಔಷಧ ತೆಗೆದುಕೊಂಡಿದ್ದೆ, ಈಗ ಆರಾಮಾಗಿದ್ದೇನೆ.

ಉತ್ತರ: ಯಾವ ಔಷಧಗಳನ್ನು ಸೇರಿಸಿದರೆ ಕೂದಲು ಬೇಗ ಬರುತ್ತದೆ ಎಂಬುದು ನಿಮ್ಮ ಮುಖ್ಯ ಪ್ರಶ್ನೆ. ಆದರೆ ರಕ್ತದೊತ್ತಡದ ಮಾತ್ರೆ, ಮಗುವಿನ ಯೋಚನೆ, ಹಿಂದಿನ ಖಿನ್ನತೆ ಎಂದು ನೀವು ಕೊನೆಯಲ್ಲಿ ಒಂದೊಂದೇ ಸಾಲಿನಲ್ಲಿ ಹೇಳಿ ಮುಗಿಸಿರುವ ಮೂರು ಸಂಗತಿಗಳೇ ನನ್ನ ಉತ್ತರವನ್ನು ಬಹುಮಟ್ಟಿಗೆ ನಿರ್ಧರಿಸುತ್ತವೆ. ನಿಮ್ಮ ಗೆಳೆಯರಿಗೆ ಹೊಂದಿದ ಜೋಡಣೆ ನಿಮಗೆ ಹೊಂದದಿರಲು ಆ ಮೂರು ಕಾರಣಗಳು ಸಾಕು. ಆದ್ದರಿಂದ ಈ ಔಷಧಗಳು ಏನು ಮಾಡುತ್ತವೆ ಎಂಬುದನ್ನು ಮೊದಲು ವಿವರಿಸಿ, ಆಮೇಲೆ ಆ ಮೂರು ಸಾಲುಗಳಿಗೆ ಬರುತ್ತೇನೆ.

ಪುರುಷರಲ್ಲಿ ನೆತ್ತಿ ಮತ್ತು ಹಣೆಯ ಮೂಲೆಗಳಿಂದ ಕೂದಲು ಕಡಿಮೆಯಾಗುತ್ತಾ ಹೋಗುವ ಈ ಬಗೆಯ ತೊಂದರೆಯಲ್ಲಿ ಕೂದಲು ಒಮ್ಮೆಲೇ ಸಾಯುವುದಿಲ್ಲ. ಅದರ ಬುಡ ವರ್ಷದಿಂದ ವರ್ಷಕ್ಕೆ ಕುಗ್ಗುತ್ತದೆ. ತಲೆಯ ಪ್ರತಿಯೊಂದು ಕೂದಲೂ ಎರಡರಿಂದ ಆರು ವರ್ಷ ಬೆಳೆದು, ಸುಮಾರು ಮೂರು ತಿಂಗಳು ವಿರಮಿಸಿ, ಉದುರಿ, ಅದೇ ಬುಡದಿಂದ ಮತ್ತೆ ಹುಟ್ಟುತ್ತದೆ. ಟೆಸ್ಟೋಸ್ಟಿರಾನ್ ಹಾರ್ಮೋನನ್ನು 5-ಆಲ್ಫಾ ರಿಡಕ್ಟೇಸ್ ಎಂಬ ಕಿಣ್ವವು ಡೈಹೈಡ್ರೊಟೆಸ್ಟೋಸ್ಟಿರಾನ್, ಅಂದರೆ ಡಿಎಚ್‌ಟಿ, ಎಂಬ ಇನ್ನೂ ಪ್ರಬಲವಾದ ಹಾರ್ಮೋನಾಗಿ ಮಾರ್ಪಡಿಸುತ್ತದೆ. ಅನುವಂಶೀಯವಾಗಿ ಸೂಕ್ಷ್ಮವಾಗಿರುವ ನೆತ್ತಿಯ ಬುಡಗಳು ಈ ಡಿಎಚ್‌ಟಿಯ ಪ್ರಭಾವದಿಂದ ಬೆಳೆಯುವ ಅವಧಿಯನ್ನು ಕಡಿಮೆ ಮಾಡಿಕೊಳ್ಳುತ್ತವೆ; ಪ್ರತಿ ಸುತ್ತಿನಲ್ಲೂ ಕೂದಲು ಇನ್ನಷ್ಟು ತೆಳುವಾಗಿ, ಇನ್ನಷ್ಟು ಗಿಡ್ಡವಾಗಿ ಹುಟ್ಟುತ್ತದೆ; ಕೊನೆಗೆ ಕಣ್ಣಿಗೆ ಕಾಣದಷ್ಟು ನವಿರಾದ ರೋಮವಷ್ಟೇ ಉಳಿಯುತ್ತದೆ. ತಲೆಯ ಹಿಂಬದಿಯ ಮತ್ತು ಕಿವಿಗಳ ಮೇಲಿನ ಬುಡಗಳಿಗೆ ಈ ಸೂಕ್ಷ್ಮತೆ ಇರುವುದಿಲ್ಲವಾದ್ದರಿಂದ ಆ ಭಾಗದ ಕೂದಲು ಮುಪ್ಪಿನವರೆಗೂ ಉಳಿಯುತ್ತದೆ.

ಇದು ಊಹೆಯ ಮಾತಲ್ಲ. ಪ್ರಾಯಕ್ಕೆ ಬರುವ ಮೊದಲೇ ವೃಷಣಗಳನ್ನು ಕಳೆದುಕೊಂಡ ಪುರುಷರಿಗೆ ಈ ಬಗೆಯ ಬೋಳು ಬರುವುದಿಲ್ಲ ಎಂದು ಅಮೆರಿಕದ ಸಂಶೋಧಕ ಜೇಮ್ಸ್ ಹ್ಯಾಮಿಲ್ಟನ್ 1942ರಲ್ಲಿ ದಾಖಲಿಸಿದರು. 1974ರಲ್ಲಿ ಡೊಮಿನಿಕನ್ ಗಣರಾಜ್ಯದ ಕೆಲವು ಕುಟುಂಬಗಳ ಅಧ್ಯಯನ ಪ್ರಕಟವಾಯಿತು; ಹುಟ್ಟಿನಿಂದಲೇ 5-ಆಲ್ಫಾ ರಿಡಕ್ಟೇಸ್ ಕಿಣ್ವದ ಕೊರತೆಯಿದ್ದ ಅಲ್ಲಿನ ಪುರುಷರಲ್ಲಿ ಟೆಸ್ಟೋಸ್ಟಿರಾನ್ ಸಾಕಷ್ಟಿದ್ದರೂ ಪ್ರಾಸ್ಟೇಟ್ ಗ್ರಂಥಿ ಚಿಕ್ಕದಾಗಿಯೇ ಉಳಿದಿತ್ತು, ಹಣೆಯ ಕೂದಲು ಹಿಂದೆ ಸರಿದಿರಲಿಲ್ಲ. ಫಿನಾಸ್ಟರೈಡ್ ಹುಟ್ಟಿಕೊಂಡಿದ್ದು ಈ ತಿಳಿವಳಿಕೆಯ ಬೆನ್ನಲ್ಲೇ. ಇದರಿಂದ ಇನ್ನೊಂದು ಮಾತೂ ಸ್ಪಷ್ಟವಾಗುತ್ತದೆ: ಬೋಳಾಗುವವರ ರಕ್ತದಲ್ಲಿ ಗಂಡು ಹಾರ್ಮೋನು ವಿಪರೀತ ಇರುತ್ತದೆ ಎಂಬುದು ಸುಳ್ಳು. ಹಾರ್ಮೋನಿನ ಪ್ರಮಾಣ ಸಾಮಾನ್ಯವಾಗಿಯೇ ಇರುತ್ತದೆ, ವ್ಯತ್ಯಾಸವಿರುವುದು ಬುಡದ ಸೂಕ್ಷ್ಮತೆಯಲ್ಲಿ. ಟೋಪಿ, ಹೆಲ್ಮೆಟ್, ದಿನವೂ ತಲೆಸ್ನಾನ, ಹಸ್ತಮೈಥುನ ಇವುಗಳಿಗೂ ಇದಕ್ಕೂ ಸಂಬಂಧವಿಲ್ಲ. ಇದು ತಾಯಿಯ ಕಡೆಯಿಂದ ಮಾತ್ರ ಬರುತ್ತದೆ ಎಂಬುದೂ ಅರ್ಧಸತ್ಯ. ತಾಯಿಯಿಂದ ಬರುವ ಎಕ್ಸ್ ವರ್ಣತಂತುವಿನಲ್ಲಿ ಒಂದು ಮುಖ್ಯ ವಂಶವಾಹಿ ಇರುವುದು ನಿಜವಾದರೂ ತಂದೆಯಿಂದಲೂ ಬರಬಹುದಾದ ಇತರ ಅನೇಕ ವಂಶವಾಹಿಗಳ ಪಾಲೂ ಇದರಲ್ಲಿದೆ.

ಹಾಗಾದರೆ ಎರಡು ಔಷಧಗಳನ್ನು ಸೇರಿಸುವ ಯೋಚನೆ ಬಂದದ್ದೇಕೆ? ಮಿನಾಕ್ಸಿಡಿಲ್ ಮತ್ತು ಫಿನಾಸ್ಟರೈಡ್ ಎರಡು ಬೇರೆ ಬೇರೆ ಜಾಗಗಳಲ್ಲಿ ಕೆಲಸ ಮಾಡುತ್ತವೆ. ಮಿನಾಕ್ಸಿಡಿಲ್ ಮೂಲತಃ ತೀವ್ರ ರಕ್ತದೊತ್ತಡಕ್ಕೆ 1970ರ ದಶಕದಲ್ಲಿ ಬಂದ ಮಾತ್ರೆ. ಅದನ್ನು ಸೇವಿಸಿದವರ ಮೈಮೇಲೆಲ್ಲ ಕೂದಲು ಬೆಳೆಯತೊಡಗಿದ್ದನ್ನು ಕಂಡು ಹಚ್ಚುವ ದ್ರಾವಣವನ್ನು ತಯಾರಿಸಲಾಯಿತು, 1988ರಲ್ಲಿ ಅಮೆರಿಕದಲ್ಲಿ ಪುರುಷರ ಬೋಳಿಗೆ ಅದಕ್ಕೆ ಅನುಮತಿ ಸಿಕ್ಕಿತು. ಅದು ವಿರಾಮದಲ್ಲಿರುವ ಬುಡಗಳನ್ನು ಬೇಗ ಎಬ್ಬಿಸುತ್ತದೆ, ಬೆಳೆಯುವ ಅವಧಿಯನ್ನು ಹಿಗ್ಗಿಸುತ್ತದೆ. ಆದರೆ ಡಿಎಚ್‌ಟಿಯನ್ನು ಅದು ಮುಟ್ಟುವುದೇ ಇಲ್ಲ. ಫಿನಾಸ್ಟರೈಡ್ ಆ ಕಿಣ್ವದ ಎರಡನೆಯ ಬಗೆಯನ್ನು ತಡೆದು ರಕ್ತದಲ್ಲಿನ ಡಿಎಚ್‌ಟಿಯನ್ನು ಸುಮಾರು 70% ಇಳಿಸುತ್ತದೆ. ಒಂದು ಔಷಧ ಸೋರುವ ತೊಟ್ಟಿಗೆ ನೀರು ತುಂಬಿಸಿದರೆ ಇನ್ನೊಂದು ಸೋರುವ ತೂತನ್ನು ಮುಚ್ಚುತ್ತದೆ. ನಿಮ್ಮಲ್ಲಿ ಉದುರುವುದು ಕಡಿಮೆಯಾಗಿಯೂ ನೆತ್ತಿ ತುಂಬದಿರುವುದಕ್ಕೆ ಕಾರಣ ಬಹುಶಃ ಇಲ್ಲಿದೆ: ಬೆಳವಣಿಗೆಗೆ ಪ್ರೋತ್ಸಾಹ ಸಿಕ್ಕಿದೆ, ಬುಡವನ್ನು ಕುಗ್ಗಿಸುವ ಮೂಲ ಕಾರಣ ಹಾಗೆಯೇ ಮುಂದುವರಿದಿದೆ. ಎರಡನ್ನೂ ಬಳಸಿದವರಲ್ಲಿ ಒಂದನ್ನೇ ಬಳಸಿದವರಿಗಿಂತ ಫಲ ಹೆಚ್ಚೆಂದು ಹಲವು ಪ್ರಯೋಗಗಳು ತೋರಿಸಿವೆ, ಚಿಕಿತ್ಸಾಲಯದಲ್ಲಿ ನನ್ನ ಅನುಭವವೂ ಅದೇ.

ಆದ್ದರಿಂದ ನಿಮ್ಮ ಪ್ರಶ್ನೆಯ ಮೊದಲ ಭಾಗಕ್ಕೆ, ಅಂದರೆ ಸೇರಿಸಬಹುದೇ ಎಂಬುದಕ್ಕೆ, ಉತ್ತರ ಹೌದು. ಎಲ್ಲವನ್ನೂ ಒಟ್ಟಿಗೆ ಆರಂಭಿಸಬಹುದೇ ಎಂಬುದಕ್ಕೆ ಮಾತ್ರ ನನ್ನ ಉತ್ತರ ಬೇಡ ಎಂದೇ. ಮೂರು ಹೊಸ ಔಷಧಗಳನ್ನು ಒಂದೇ ವಾರ ಆರಂಭಿಸಿದವರಿಗೆ ಆರನೆಯ ವಾರ ಕಾಲು ಊದಿಕೊಂಡರೆ, ಮನಸ್ಸು ಕುಗ್ಗಿದರೆ, ಲೈಂಗಿಕ ಆಸಕ್ತಿ ಇಳಿದರೆ ಅಥವಾ ನೆತ್ತಿ ಕೆಂಪಾಗಿ ತುರಿಸತೊಡಗಿದರೆ ಅದಕ್ಕೆ ಯಾವುದು ಕಾರಣವೆಂದು ಅವರಿಗೂ ತಿಳಿಯುವುದಿಲ್ಲ, ನಮಗೂ ತಿಳಿಯುವುದಿಲ್ಲ; ಕೊನೆಗೆ ಹೊಂದಿಕೊಳ್ಳುತ್ತಿದ್ದ ಔಷಧವನ್ನೂ ಸೇರಿಸಿ ಎಲ್ಲವನ್ನೂ ನಿಲ್ಲಿಸಬೇಕಾಗುತ್ತದೆ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವಂಥದ್ದು. ಯಾವ ಜೋಡಣೆಯೂ ಆ ವೇಗವನ್ನು ಮೀರಿ ಫಲ ಕೊಡಲಾರದು. ಹೀಗಿರುವಾಗ ಅವಸರದಿಂದ ಸಿಗುವ ಲಾಭ ತೀರಾ ಕಡಿಮೆ, ಕಳೆದುಕೊಳ್ಳುವ ಸ್ಪಷ್ಟತೆ ಬಹಳ ದೊಡ್ಡದು.

ಹೊಸದನ್ನು ಸೇರಿಸುವ ಮೊದಲು ಈಗಿನ ಔಷಧವನ್ನು ಸರಿಯಾಗಿ ಬಳಸುತ್ತಿದ್ದೀರಾ ಎಂದು ನೋಡಿಕೊಳ್ಳಿ. ಮಿನಾಕ್ಸಿಡಿಲ್ ಫಲಿಸಲಿಲ್ಲವೆಂದು ಬರುವ ಅನೇಕರು ಅದನ್ನು ಕೂದಲಿಗೆ ಹಚ್ಚಿರುತ್ತಾರೆ, ಚರ್ಮಕ್ಕಲ್ಲ. ಸಾಮಾನ್ಯ ಕ್ರಮದಲ್ಲಿ ದಿನಕ್ಕೆ ಎರಡು ಬಾರಿ, ಪ್ರತಿ ಸಲ ಒಂದು ಮಿಲಿ ಲೀಟರ್ ದ್ರಾವಣವನ್ನು, ಬೈತಲೆ ತೆಗೆದು, ಒಣಗಿದ ಮತ್ತು ಎಣ್ಣೆಯಿಲ್ಲದ ನೆತ್ತಿಯ ಚರ್ಮದ ಮೇಲೆ ಹಚ್ಚಬೇಕು. ಕನಿಷ್ಠ ನಾಲ್ಕು ಗಂಟೆ ತಲೆ ತೊಳೆಯಬಾರದು. ಆರಂಭದ ಎರಡರಿಂದ ಎಂಟು ವಾರಗಳಲ್ಲಿ ಕೂದಲು ಹೆಚ್ಚು ಉದುರುವುದುಂಟು. ವಿರಾಮದಲ್ಲಿದ್ದ ಹಳೆಯ ಕೂದಲನ್ನು ಹೊಸದು ತಳ್ಳುವುದರಿಂದ ಹೀಗಾಗುತ್ತದೆ, ಇದು ಔಷಧ ಕೆಟ್ಟದ್ದೆಂಬ ಸೂಚನೆಯಲ್ಲ. ಅನೇಕರು ಹೆದರಿ ಬಿಟ್ಟುಬಿಡುವುದು ಈ ಹಂತದಲ್ಲಿಯೇ ಎಂಬುದು ನನಗೆ ಬೇಸರದ ಸಂಗತಿ. ದ್ರಾವಣದಿಂದ ತುರಿಕೆ ಬರುತ್ತಿದ್ದರೆ ಹಲವು ಬಾರಿ ಅದಕ್ಕೆ ಕಾರಣ ಮಿನಾಕ್ಸಿಡಿಲ್ ಆಗಿರದೆ ಅದರಲ್ಲಿರುವ ಪ್ರೊಪಿಲೀನ್ ಗ್ಲೈಕಾಲ್ ಆಗಿರುತ್ತದೆ. ಅಂಥವರಿಗೆ ಆ ದ್ರವ್ಯವಿಲ್ಲದ ನೊರೆಯ ರೂಪದ ಔಷಧ ಹೊಂದಬಹುದು. ಇನ್ನೊಂದು ಎಚ್ಚರಿಕೆ: ಮನೆಯಲ್ಲಿ ಬೆಕ್ಕು ಇದ್ದರೆ ಔಷಧ ತಾಗಿದ ದಿಂಬು, ಟವೆಲ್ ಅದಕ್ಕೆ ಸಿಗದಂತೆ ನೋಡಿಕೊಳ್ಳಿ, ಬೆಕ್ಕುಗಳಿಗೆ ಮಿನಾಕ್ಸಿಡಿಲ್ ಪ್ರಾಣಾಂತಿಕ.

ಮಿನಾಕ್ಸಿಡಿಲ್ ಚರ್ಮದಲ್ಲಿರುವ ಸಲ್ಫೊಟ್ರಾನ್ಸ್‌ಫರೇಸ್ ಎಂಬ ಕಿಣ್ವದಿಂದ ಮಾರ್ಪಾಡಾದ ಮೇಲೆಯೇ ಕೆಲಸ ಮಾಡುತ್ತದೆ. ಈ ಕಿಣ್ವದ ಚಟುವಟಿಕೆ ಎಲ್ಲರಲ್ಲಿ ಒಂದೇ ಮಟ್ಟದಲ್ಲಿರುವುದಿಲ್ಲವಾದ್ದರಿಂದ ಸರಿಯಾಗಿ ಹಚ್ಚಿದರೂ ಕೆಲವರಿಗೆ ಫಲ ಸಿಗುವುದಿಲ್ಲ. ಹಾಗೆಯೇ, ಈ ಔಷಧಗಳು ನೆತ್ತಿಯಲ್ಲಿ ಕೊಡುವಷ್ಟು ಫಲವನ್ನು ಹಣೆಯ ಮೂಲೆಗಳಲ್ಲಿ ಕೊಡುವುದಿಲ್ಲ. ನಿಮ್ಮ ಮೂಲೆಗಳು ಹದಿನೆಂಟರ ಹರೆಯದಲ್ಲಿದ್ದಂತೆ ಮರಳುತ್ತವೆ ಎಂಬ ನಿರೀಕ್ಷೆಯನ್ನು ಯಾವ ಜೋಡಣೆಯ ಮೇಲೂ ಇಡಬೇಡಿ. ಇರುವುದನ್ನು ಉಳಿಸಿಕೊಳ್ಳುವುದೇ ಅಲ್ಲಿ ಮುಖ್ಯ ಗುರಿ.

ಇನ್ನು ಫಿನಾಸ್ಟರೈಡ್. 1 ಮಿ.ಗ್ರಾಂ. ಮಾತ್ರೆಗೆ ಅಮೆರಿಕದಲ್ಲಿ 1997ರಲ್ಲಿ ಅನುಮತಿ ಸಿಕ್ಕಿತು. ಅದಕ್ಕೆ ಆಧಾರವಾದ ಪ್ರಯೋಗಗಳಲ್ಲಿ ಎರಡು ವರ್ಷಗಳ ನಂತರ ಔಷಧ ಪಡೆದವರಲ್ಲಿ 17% ಮಂದಿಗೆ ಕೂದಲಿನ ಎಣಿಕೆ ಮೊದಲಿಗಿಂತ ಇಳಿದಿತ್ತು. ಹೋಲಿಕೆಗಾಗಿ ಹುಸಿ ಮಾತ್ರೆ, ಅಂದರೆ ಔಷಧದ ಅಂಶವಿಲ್ಲದ ಮಾತ್ರೆ, ಪಡೆದವರಲ್ಲಿ 72% ಮಂದಿಗೆ ಇಳಿದಿತ್ತು. ಇದು ಸಣ್ಣ ವ್ಯತ್ಯಾಸವಲ್ಲ. ಲೈಂಗಿಕ ಆಸಕ್ತಿ ಕುಂದುವುದು, ನಿಮಿರುವಿಕೆಯ ತೊಂದರೆ, ವೀರ್ಯದ ಪ್ರಮಾಣ ಇಳಿಯುವುದು ಇವುಗಳಲ್ಲಿ ಒಂದಾದರೂ ಕಾಣಿಸಿಕೊಂಡವರು ಮೊದಲ ವರ್ಷದಲ್ಲಿ ಔಷಧ ಪಡೆದವರಲ್ಲಿ 3.8%, ಹುಸಿ ಮಾತ್ರೆಯವರಲ್ಲಿ 2.1%. ಹೆಚ್ಚಿನವರಲ್ಲಿ ಔಷಧ ನಿಲ್ಲಿಸಿದಾಗ, ಕೆಲವರಲ್ಲಿ ಮುಂದುವರಿಸಿದಾಗಲೂ, ಅವು ಸರಿಹೋದವು.

ಆದರೆ ಶಾಶ್ವತ ಹಾನಿಯ ಮಾತು ಕೇವಲ ಗಾಳಿಸುದ್ದಿಯೆಂದು ನಾನು ನಿಮಗೆ ಹೇಳಲಾರೆ. ಔಷಧ ನಿಲ್ಲಿಸಿದ ಮೇಲೂ ಲೈಂಗಿಕ ತೊಂದರೆಗಳು ಮುಂದುವರಿದ ವರದಿಗಳು ಬಂದದ್ದರಿಂದ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2012ರಲ್ಲಿ ಅದನ್ನು ಔಷಧದ ಮಾಹಿತಿ ಪತ್ರದಲ್ಲಿ ಸೇರಿಸಿತು. ಇಂಥ ವರದಿಗಳಿಂದ ಅದು ಎಷ್ಟು ಮಂದಿಗೆ ಆಗುತ್ತದೆಂದು ಲೆಕ್ಕ ಹಾಕಲು ಬರುವುದಿಲ್ಲ, ಪ್ರತಿಯೊಂದು ಪ್ರಕರಣದಲ್ಲೂ ಔಷಧವೇ ಕಾರಣವೆಂದು ಸಾಬೀತಾಗಿಯೂ ಇಲ್ಲ. ಆದರೂ ಆ ತೊಂದರೆ ಅನುಭವಿಸುವವರ ನೋವು ನಿಜವಾದದ್ದು, ಅವರನ್ನು ಸುಮ್ಮನೆ ಸಂಶಯಿಸುವುದು ವೈದ್ಯರಿಗೆ ತಕ್ಕ ನಡೆಯಲ್ಲ. ಇನ್ನೊಂದು ಬದಿಯನ್ನೂ ಹೇಳಬೇಕು. ಪ್ರಾಸ್ಟೇಟ್ ತೊಂದರೆಗೆ 5 ಮಿ.ಗ್ರಾಂ. ಫಿನಾಸ್ಟರೈಡ್ ಪಡೆದವರ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಲೈಂಗಿಕ ಅಡ್ಡಪರಿಣಾಮ ಬರಬಹುದೆಂದು ಮೊದಲೇ ತಿಳಿಸಲಾಗಿದ್ದವರಲ್ಲಿ 43.6% ಮಂದಿ ಅಂಥ ತೊಂದರೆ ಹೇಳಿದರು. ತಿಳಿಸದೇ ಇದ್ದವರಲ್ಲಿ 15.3% ಮಂದಿ. ಆತಂಕವೇ ಈ ತೊಂದರೆಗಳನ್ನು ತರಬಲ್ಲದು ಎಂಬುದು ಇದರಿಂದ ಗೊತ್ತಾಗುತ್ತದೆ. ತಿಂಗಳುಗಟ್ಟಲೆ ಭಯಾನಕ ಅನುಭವಗಳನ್ನೇ ಓದಿ, ದಿನವೂ ತಮ್ಮ ದೇಹವನ್ನು ಪರೀಕ್ಷಿಸಿಕೊಳ್ಳುತ್ತಾ ಮಾತ್ರೆ ನುಂಗುವವರಿಗೆ ನಾನು ಆ ಸ್ಥಿತಿಯಲ್ಲಿ ಅದನ್ನು ಆರಂಭಿಸಬೇಡಿ ಎಂದೇ ಹೇಳುತ್ತೇನೆ.

ಈಗ ನಿಮ್ಮ ಖಿನ್ನತೆಯ ಸಾಲಿಗೆ ಬರುತ್ತೇನೆ. ಇಡೀ ಪತ್ರದಲ್ಲಿ ನನ್ನನ್ನು ಹೆಚ್ಚು ಯೋಚಿಸುವಂತೆ ಮಾಡಿದ್ದು ಅದೇ. ಫಿನಾಸ್ಟರೈಡ್‌ನ ಮಾಹಿತಿ ಪತ್ರಕ್ಕೆ ಖಿನ್ನತೆಯ ಉಲ್ಲೇಖವನ್ನು ಎಫ್‌ಡಿಎ 2011ರಲ್ಲಿಯೂ ಆತ್ಮಹತ್ಯೆಯ ಯೋಚನೆಗಳ ಉಲ್ಲೇಖವನ್ನು 2022ರಲ್ಲಿಯೂ ಸೇರಿಸಿತು. 2025ರಲ್ಲಿ ಯುರೋಪಿನ ಔಷಧ ಸಂಸ್ಥೆಯ ಸುರಕ್ಷತಾ ಸಮಿತಿಯು ಲಭ್ಯ ಮಾಹಿತಿಯನ್ನು ಪರಿಶೀಲಿಸಿ, ಆತ್ಮಹತ್ಯೆಯ ಯೋಚನೆಗಳು ಫಿನಾಸ್ಟರೈಡ್ ಮಾತ್ರೆಯ ಅಡ್ಡಪರಿಣಾಮವೆಂದು ದೃಢಪಡಿಸಿತು. ಆದರೂ ಔಷಧದ ಪ್ರಯೋಜನ ಅದರ ಅಪಾಯಕ್ಕಿಂತ ಹೆಚ್ಚೆಂದು ಬಳಕೆಯನ್ನು ಮುಂದುವರಿಸಲು ಬಿಟ್ಟಿತು. ಹಿಂದೊಮ್ಮೆ ಖಿನ್ನತೆ ಬಂದವರಿಗೆ ಈ ಔಷಧವನ್ನು ಕೊಡಲೇಬಾರದು ಎಂಬ ನಿಯಮವಿಲ್ಲ. ಆದರೆ ಅಂಥವರು ಇದನ್ನು ಸ್ವಂತ ನಿರ್ಧಾರದಿಂದ, ಒಂದು ಆನ್‌ಲೈನ್ ನಮೂನೆ ತುಂಬಿ ತರಿಸಿಕೊಂಡು, ಯಾರಿಗೂ ಹೇಳದೆ ಆರಂಭಿಸುವುದು ನನಗೆ ಒಪ್ಪಿಗೆಯಿಲ್ಲ. ಅಂದು ನಿಮಗೆ ಚಿಕಿತ್ಸೆ ನೀಡಿದ ಮನೋವೈದ್ಯರೊಂದಿಗೆ ಒಮ್ಮೆ ಮಾತನಾಡಿ. ನಿಮ್ಮ ಪತ್ನಿಗೂ ವಿಷಯ ತಿಳಿಸಿ, ಏಕೆಂದರೆ ಮನಸ್ಸು ಕುಗ್ಗುತ್ತಿರುವುದು ಎಷ್ಟೋ ಸಲ ಜೊತೆಯಲ್ಲಿರುವವರಿಗೇ ಮೊದಲು ಗೊತ್ತಾಗುತ್ತದೆ. ನಿದ್ದೆ ಕೆಡುವುದು, ಯಾವುದರಲ್ಲೂ ಆಸಕ್ತಿ ಉಳಿಯದಿರುವುದು, ಬದುಕು ಸಾಕೆನ್ನಿಸುವುದು ಇವುಗಳಲ್ಲಿ ಯಾವುದು ಕಾಣಿಸಿದರೂ ಮಾತ್ರೆಯನ್ನು ಅಂದೇ ನಿಲ್ಲಿಸಿ, ಅಂದೇ ವೈದ್ಯರನ್ನು ಸಂಪರ್ಕಿಸಬೇಕು. ಇದನ್ನೆಲ್ಲ ಕೇಳಿದ ಮೇಲೆ ಫಿನಾಸ್ಟರೈಡ್ ಬೇಡವೆಂದು ನೀವು ನಿರ್ಧರಿಸಿದರೂ ಅದು ಸಂಪೂರ್ಣ ಸಮಂಜಸವಾದ ನಿರ್ಧಾರವೇ ಆಗಿರುತ್ತದೆ.

ಡುಟಾಸ್ಟರೈಡ್ ಕುರಿತು ನನ್ನ ಅಭಿಪ್ರಾಯ ಇನ್ನೂ ಖಚಿತವಾಗಿದೆ: ಈಗ ನಿಮಗೆ ಅದು ಬೇಡ. ಅದು ಕಿಣ್ವದ ಎರಡೂ ಬಗೆಗಳನ್ನು ತಡೆದು ಡಿಎಚ್‌ಟಿಯನ್ನು 90%ಕ್ಕಿಂತ ಹೆಚ್ಚು ಇಳಿಸುತ್ತದೆ, ಕೂದಲಿನ ಮೇಲೆ ಅದರ ಪರಿಣಾಮ ಫಿನಾಸ್ಟರೈಡ್‌ಗಿಂತ ಹೆಚ್ಚು ಎಂಬುದು ನಿಜ. ದಕ್ಷಿಣ ಕೊರಿಯಾ ಮತ್ತು ಜಪಾನ್‌ಗಳಲ್ಲಿ ಈ ಬಳಕೆಗೆ ಅನುಮತಿಯೂ ಇದೆ. ಆದರೆ ಅಮೆರಿಕದಲ್ಲಿ ಅದಕ್ಕೆ ಅನುಮತಿ ಇರುವುದು ಪ್ರಾಸ್ಟೇಟ್ ಊತಕ್ಕೆ ಮಾತ್ರ. ದೇಹದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯಲು ಸುಮಾರು ಐದು ವಾರ ಬೇಕು. ಫಿನಾಸ್ಟರೈಡ್ ನಿಲ್ಲಿಸಿದರೆ ಡಿಎಚ್‌ಟಿ ಸುಮಾರು ಎರಡು ವಾರಗಳಲ್ಲಿ ಮೊದಲಿನ ಮಟ್ಟಕ್ಕೆ ಬರುತ್ತದೆ, ಡುಟಾಸ್ಟರೈಡ್‌ನಲ್ಲಿ ತಿಂಗಳುಗಳು ಹಿಡಿಯುತ್ತವೆ. ಅಡ್ಡಪರಿಣಾಮ ಬಂದರೆ ತಕ್ಷಣ ಹಿಂದೆ ಸರಿಯಲಾಗದ ಔಷಧ ಇದು ಎಂಬುದನ್ನು ನಿಮ್ಮಂಥ ಹಿನ್ನೆಲೆಯವರು ಗಂಭೀರವಾಗಿ ಪರಿಗಣಿಸಬೇಕು. ಅದರ ಮಾಹಿತಿ ಪತ್ರದಲ್ಲಿ ಉಲ್ಲೇಖಿಸಿರುವ ಅಧ್ಯಯನದಲ್ಲಿ 52 ವಾರಗಳ ಬಳಿಕ ಒಟ್ಟು ವೀರ್ಯಾಣುಗಳ ಸಂಖ್ಯೆ ಸರಾಸರಿ 23% ಇಳಿದಿತ್ತು, ಔಷಧ ನಿಲ್ಲಿಸಿ 24 ವಾರಗಳಾದರೂ ಆ ಇಳಿಕೆ ಹಾಗೆಯೇ ಇತ್ತು. ಮಗುವಿಗಾಗಿ ಯೋಚಿಸುತ್ತಿರುವ ವರ್ಷದಲ್ಲಿ ಇದನ್ನು ಆರಿಸಿಕೊಳ್ಳಲು ಕಾರಣವೇ ಇಲ್ಲ. ಇನ್ನು ಫಿನಾಸ್ಟರೈಡ್ ಮತ್ತು ಡುಟಾಸ್ಟರೈಡ್ ಎರಡನ್ನೂ ಜೊತೆಯಾಗಿ ತೆಗೆದುಕೊಳ್ಳುವವರಿದ್ದಾರೆ. ಮೊದಲನೆಯದು ಮಾಡುವ ಕೆಲಸವನ್ನೆಲ್ಲ ಎರಡನೆಯದು ಮಾಡುವುದರಿಂದ ಅದಕ್ಕೆ ಅರ್ಥವಿಲ್ಲ.

ಮಗುವಿನ ವಿಷಯದಲ್ಲಿ ಫಿನಾಸ್ಟರೈಡ್‌ನ ಚಿತ್ರ ಅಷ್ಟು ಕಠಿಣವಾಗಿಲ್ಲ. ಹೆಚ್ಚಿನ ಪುರುಷರಲ್ಲಿ 1 ಮಿ.ಗ್ರಾಂ. ಪ್ರಮಾಣ ವೀರ್ಯದ ಗುಣಮಟ್ಟವನ್ನು ಗಣನೀಯವಾಗಿ ಕೆಡಿಸುವುದಿಲ್ಲ, ವೀರ್ಯದ ಮೂಲಕ ಸಂಗಾತಿಗೆ ತಲುಪುವ ಔಷಧದ ಅಂಶ ಅತ್ಯಲ್ಪ. ಆದರೆ ಮೊದಲೇ ವೀರ್ಯಾಣುಗಳ ಸಂಖ್ಯೆ ಕಡಿಮೆಯಿರುವ ಕೆಲವರಲ್ಲಿ ಅದು ಇನ್ನಷ್ಟು ಇಳಿದು, ಔಷಧ ನಿಲ್ಲಿಸಿದ ಮೇಲೆ ಸುಧಾರಿಸಿದ್ದುಂಟು. ಗರ್ಭಿಣಿಯರು ಮತ್ತು ಗರ್ಭಿಣಿಯಾಗುವ ಸಾಧ್ಯತೆಯಿರುವವರು ಪುಡಿಯಾದ ಅಥವಾ ಮುರಿದ ಫಿನಾಸ್ಟರೈಡ್ ಮಾತ್ರೆಯನ್ನು ಮುಟ್ಟಬಾರದು. ಚರ್ಮದ ಮೂಲಕ ಒಳಸೇರಿದರೆ ಗಂಡು ಭ್ರೂಣದ ಜನನಾಂಗದ ಬೆಳವಣಿಗೆಗೆ ತೊಂದರೆಯಾಗಬಹುದು. 5 ಮಿ.ಗ್ರಾಂ. ಮಾತ್ರೆಯನ್ನು ನಾಲ್ಕು ತುಂಡು ಮಾಡಿ ಬಳಸುವ ಅಭ್ಯಾಸ ನಿಮ್ಮ ಮನೆಗೆ ಅದಕ್ಕಾಗಿಯೇ ತಕ್ಕದ್ದಲ್ಲ. ಒಂದು ವೀರ್ಯಾಣು ರೂಪುಗೊಳ್ಳಲು ಎರಡೂವರೆ ತಿಂಗಳ ಹತ್ತಿರ ಬೇಕಾಗುತ್ತದೆ, ಆದ್ದರಿಂದ ಯಾವುದೇ ಔಷಧದ ಪ್ರಭಾವ ಬರಲೂ ಹೋಗಲೂ ಅಷ್ಟು ಕಾಲ ಹಿಡಿಯುತ್ತದೆ. ನನ್ನ ಸಲಹೆ ಕೇಳುವುದಾದರೆ, ಗರ್ಭಧಾರಣೆ ಆಗುವವರೆಗೆ ಫಿನಾಸ್ಟರೈಡ್‌ನ ಆರಂಭವನ್ನು ಮುಂದೂಡಿ. ಮಿನಾಕ್ಸಿಡಿಲ್ ನಡೆಯುತ್ತಿರುವಾಗ ಕೆಲವು ತಿಂಗಳ ವಿಳಂಬದಿಂದ ನೆತ್ತಿಯಲ್ಲಿ ಆಗುವ ನಷ್ಟ ಹೆಚ್ಚಿನದಲ್ಲ, ಆ ಅವಧಿಯಲ್ಲಿ ಸಹಜವಾಗಿ ಬರುವ ಆತಂಕಗಳ ಮೇಲೆ ಇನ್ನೊಂದು ಆತಂಕವನ್ನು ಹೇರಿಕೊಳ್ಳುವುದೂ ತಪ್ಪುತ್ತದೆ.

ಒಂದೇ ಬಾಟಲಿಯ ಸ್ಪ್ರೇ ಬಗ್ಗೆ ನೀವು ಓದಿದ ಮಾತು ಸರಿಯಲ್ಲ. ನೆತ್ತಿಗೆ ಹಚ್ಚಿದ ಫಿನಾಸ್ಟರೈಡ್ ನೆತ್ತಿಯಲ್ಲೇ ನಿಲ್ಲುವುದಿಲ್ಲ. ನಿಯಂತ್ರಿತ ಪ್ರಯೋಗವೊಂದರಲ್ಲಿ ಹಚ್ಚುವ ರೂಪವೂ ರಕ್ತದ ಡಿಎಚ್‌ಟಿಯನ್ನು ಸುಮಾರು ಮೂರನೇ ಒಂದು ಭಾಗದಷ್ಟು ಇಳಿಸಿತು, ಮಾತ್ರೆ ಅರ್ಧಕ್ಕಿಂತ ಹೆಚ್ಚು ಇಳಿಸಿತು. ಅಂದರೆ ಅಪಾಯ ಕಡಿಮೆಯಾಗಬಹುದು, ಇಲ್ಲವಾಗುವುದಿಲ್ಲ. ಆ ಪ್ರಯೋಗದಲ್ಲಿ ಬಳಸಿದ್ದು ನಿಗದಿತ ಪ್ರಮಾಣದ, ಪರೀಕ್ಷೆಗೊಳಗಾದ ಔಷಧ ಎಂಬುದನ್ನೂ ಮರೆಯಬಾರದು. ಬೇರೆ ಬೇರೆ ಕಡೆ ಬೆರೆಸಿ ಮಾರುವ ದ್ರಾವಣಗಳಲ್ಲಿ ಫಿನಾಸ್ಟರೈಡ್‌ನ ಸಾಂದ್ರತೆ ಒಂದೇ ರೀತಿ ಇರುವುದಿಲ್ಲ, ಬೇಕಾದಷ್ಟು ಹಚ್ಚಿಕೊಂಡರೆ ಮಾತ್ರೆಯಷ್ಟೇ ಔಷಧ ರಕ್ತಕ್ಕೆ ಸೇರಬಹುದು. ಹೀಗೆ ಬೆರೆಸಿ ತಯಾರಿಸಿದ ಹಚ್ಚುವ ಫಿನಾಸ್ಟರೈಡ್ ಬಗ್ಗೆ ಎಫ್‌ಡಿಎ 2025ರ ಏಪ್ರಿಲ್‌ನಲ್ಲಿ ಎಚ್ಚರಿಕೆ ಹೊರಡಿಸಿತು. 2019ರಿಂದ 2024ರವರೆಗೆ ತನಗೆ ಬಂದ 32 ಪ್ರಕರಣಗಳನ್ನು ಅದು ಉಲ್ಲೇಖಿಸಿತು, ಅವುಗಳಲ್ಲಿ ಲೈಂಗಿಕ ತೊಂದರೆ, ಖಿನ್ನತೆ, ಆತಂಕ ಎಲ್ಲವೂ ಇದ್ದವು. ನಿಮ್ಮ ಮನೆಯ ಪರಿಸ್ಥಿತಿಯಲ್ಲಿ ಇನ್ನೂ ಒಂದು ಅಂಶವಿದೆ: ಮಾತ್ರೆಗೆ ಹೊರಲೇಪವಿರುತ್ತದೆ, ದ್ರಾವಣಕ್ಕೆ ಅದಿಲ್ಲ. ಒಣಗದ ನೆತ್ತಿ, ದಿಂಬು, ಕೈ ಇವುಗಳ ಮೂಲಕ ಔಷಧ ನಿಮ್ಮ ಪತ್ನಿಯ ಚರ್ಮಕ್ಕೆ ತಾಗಬಹುದು. ಗರ್ಭಧಾರಣೆಯ ಸಮಯದಲ್ಲಿ ಆ ಒಂದೇ ಬಾಟಲಿ ಮಾತ್ರೆಗಿಂತ ಹೆಚ್ಚು ಎಚ್ಚರ ಬೇಡುತ್ತದೆ.

ಮಿನಾಕ್ಸಿಡಿಲ್ ಮಾತ್ರೆ ಈಚಿನ ವರ್ಷಗಳಲ್ಲಿ ಬಹಳ ಜನಪ್ರಿಯವಾಗಿದೆ. ಪುರುಷರಿಗೆ ಸಾಮಾನ್ಯವಾಗಿ 2.5ರಿಂದ 5 ಮಿ.ಗ್ರಾಂ. ಕೊಡುತ್ತಾರೆ, ರಕ್ತದೊತ್ತಡಕ್ಕೆ ಬಳಸುತ್ತಿದ್ದ ಪ್ರಮಾಣದ ಮುಂದೆ ಇದು ಚಿಕ್ಕದು. ಕೂದಲಿಗಾಗಿ ಈ ಬಳಕೆಗೆ ಎಫ್‌ಡಿಎ ಅನುಮತಿ ಇಲ್ಲ. ವೈದ್ಯರು ತಮ್ಮ ವಿವೇಚನೆಯಿಂದ ಬರೆದುಕೊಡುತ್ತಾರೆ. ದಿನಕ್ಕೆರಡು ಬಾರಿ ಹಚ್ಚಲಾಗದವರಿಗೆ, ದ್ರಾವಣದಿಂದ ಚರ್ಮ ಕೆಡುವವರಿಗೆ ಇದು ನಿಜಕ್ಕೂ ಉಪಯುಕ್ತ, ನಾನೂ ಬರೆದುಕೊಡುತ್ತೇನೆ. ಮುಖ ಮತ್ತು ಮೈಮೇಲೆ ಕೂದಲು ಹೆಚ್ಚುವುದು ಸಾಮಾನ್ಯ. ಕೆಲವರಿಗೆ ಎದೆಬಡಿತ ಜೋರಾಗುವುದು, ತಲೆ ಹಗುರಾದಂತಾಗುವುದು, ಪಾದ ಊದುವುದು ಉಂಟು. ಹೆಚ್ಚಿನ ಪ್ರಮಾಣದಲ್ಲಿ ಹೃದಯದ ಸುತ್ತಲಿನ ಪೊರೆಯಲ್ಲಿ ನೀರು ತುಂಬಬಹುದೆಂಬ ಗಂಭೀರ ಎಚ್ಚರಿಕೆ ಮೂಲ ಔಷಧದ ಮೇಲಿದೆ. ನಿಮ್ಮ ಅಮ್ಲೋಡಿಪಿನ್ ಕೂಡ ರಕ್ತನಾಳಗಳನ್ನು ಹಿಗ್ಗಿಸುವ ಔಷಧ, ಅದರಿಂದಲೂ ಪಾದ ಊದುತ್ತದೆ. ಎರಡನ್ನೂ ಸೇರಿಸಿದರೆ ರಕ್ತದೊತ್ತಡ ಬೇಕಾದುದಕ್ಕಿಂತ ಕೆಳಗಿಳಿಯಬಹುದು, ಊತ ಬಂದರೆ ಯಾವುದರಿಂದ ಎಂದು ತಿಳಿಯುವುದೂ ಕಷ್ಟ. ನಿಮಿರುವಿಕೆಗಾಗಿ ಸಿಲ್ಡೆನಾಫಿಲ್‌ನಂಥ ಮಾತ್ರೆ ಬಳಸುವವರಿಗೂ ರಕ್ತದೊತ್ತಡ ಇಳಿಯುವ ಈ ಎಚ್ಚರಿಕೆ ಅನ್ವಯಿಸುತ್ತದೆ. ರಕ್ತದೊತ್ತಡವನ್ನು ನೋಡಿಕೊಳ್ಳುವ ವೈದ್ಯರ ಒಪ್ಪಿಗೆಯಿಲ್ಲದೆ ನೀವು ಮಿನಾಕ್ಸಿಡಿಲ್ ಮಾತ್ರೆಯನ್ನು ಮುಟ್ಟಬೇಡಿ. ಇದೂ ರಕ್ತದೊತ್ತಡದ ಔಷಧವೇ ತಾನೇ ಎಂದು ಅಮ್ಲೋಡಿಪಿನ್ ಬಿಟ್ಟು ಇದನ್ನು ಹಿಡಿಯುವ ಯೋಚನೆಯಂತೂ ಬೇಡವೇ ಬೇಡ.

ಉಳಿದ ಜೋಡಣೆಗಳನ್ನು ಚುಟುಕಾಗಿ ಹೇಳುತ್ತೇನೆ. ಕೀಟೊಕೊನಜೋಲ್ 2% ಶಾಂಪೂವನ್ನು ವಾರಕ್ಕೆರಡು ಬಾರಿ ಬಳಸುವುದರಿಂದ ಹೊಟ್ಟು ಮತ್ತು ಉರಿಯೂತ ತಗ್ಗುತ್ತದೆ. ಕೂದಲು ಬೆಳೆಸುವ ಶಕ್ತಿಗೆ ಪುರಾವೆ ಸ್ವಲ್ಪ ಮಾತ್ರ, ಅಪಾಯವೂ ಸ್ವಲ್ಪವೇ. ನೆತ್ತಿಗೆ ಸಣ್ಣ ಸೂಜಿಗಳ ಉಪಕರಣ ಬಳಸುವ ಚಿಕಿತ್ಸೆಯನ್ನು ಮಿನಾಕ್ಸಿಡಿಲ್ ಜೊತೆ ಸೇರಿಸಿದಾಗ ಫಲ ಹೆಚ್ಚಿದ್ದನ್ನು 2013ರ ಒಂದು ಅಧ್ಯಯನ ತೋರಿಸಿತು. ಆದರೆ ಚುಚ್ಚಿದ ಕೂಡಲೇ ಔಷಧ ಹಚ್ಚಿದರೆ ಅದು ರಕ್ತಕ್ಕೆ ಹೆಚ್ಚು ಸೇರುತ್ತದೆಯಾದ್ದರಿಂದ ಕನಿಷ್ಠ ಒಂದು ದಿನದ ಅಂತರ ಬೇಕು, ರಕ್ತದೊತ್ತಡದ ಮಾತ್ರೆ ಸೇವಿಸುವ ನೀವು ಇದನ್ನು ಮನೆಯಲ್ಲಿ ಪ್ರಯೋಗಿಸುವುದನ್ನು ನಾನು ಒಪ್ಪುವುದಿಲ್ಲ. ಬಯೋಟಿನ್ ಮಾತ್ರೆಗಳಿಂದ, ಕೊರತೆ ಇಲ್ಲದವರಿಗೆ, ಈ ಬಗೆಯ ಬೋಳಿನಲ್ಲಿ ಪ್ರಯೋಜನವಿಲ್ಲ. ಜೊತೆಗೆ ಅವು ಥೈರಾಯಿಡ್ ಪರೀಕ್ಷೆಯನ್ನೂ ಹೃದಯಾಘಾತವನ್ನು ಗುರುತಿಸುವ ಟ್ರೊಪೊನಿನ್ ಪರೀಕ್ಷೆಯನ್ನೂ ತಪ್ಪಾಗಿ ತೋರಿಸಬಲ್ಲವು. ಕೂದಲು ಕಸಿ ಒಳ್ಳೆಯ ಆಯ್ಕೆಯೇ, ಹಣೆಯ ಮೂಲೆಗಳಿಗಂತೂ ಅದೇ ಹೆಚ್ಚು ಫಲಕಾರಿ. ಆದರೆ ಕಸಿಯ ಕೂದಲು ಉಳಿದು ಸುತ್ತಲಿನ ಸಹಜ ಕೂದಲು ಉದುರುತ್ತಾ ಹೋಗುವುದರಿಂದ, ಉದುರುವಿಕೆ ಸ್ಥಿರಗೊಂಡ ಮೇಲೆ ಅದನ್ನು ಮಾಡಿಸುವುದು ಲೇಸು.

ಔಷಧಕ್ಕೆ ತಲೆ ಒಗ್ಗಿಹೋಗಿ ಬಿಟ್ಟರೆ ಮೊದಲಿಗಿಂತಲೂ ಹೆಚ್ಚು ಬೋಳಾಗುತ್ತದೆ ಎಂಬ ಭಯವೂ ಅನೇಕರಲ್ಲಿದೆ. ಮಿನಾಕ್ಸಿಡಿಲ್ ನಿಲ್ಲಿಸಿದರೆ ಮೂರು ನಾಲ್ಕು ತಿಂಗಳಲ್ಲಿ, ಫಿನಾಸ್ಟರೈಡ್ ನಿಲ್ಲಿಸಿದರೆ ಸುಮಾರು ಒಂದು ವರ್ಷದಲ್ಲಿ, ಅವುಗಳಿಂದ ಗಳಿಸಿದ ಕೂದಲು ಹೋಗುತ್ತದೆ. ಚಿಕಿತ್ಸೆಯೇ ಇಲ್ಲದಿದ್ದರೆ ಇಂದು ನೀವು ಯಾವ ಸ್ಥಿತಿಯಲ್ಲಿರುತ್ತಿದ್ದಿರೋ ಅಲ್ಲಿಗೆ ಬರುತ್ತೀರಿ. ಅದಕ್ಕಿಂತ ಕೆಳಗೆ ಹೋಗುವುದಿಲ್ಲ.

ಇವೆಲ್ಲವನ್ನೂ ಒಟ್ಟಿಗೆ ಇಟ್ಟುಕೊಂಡು ನಿಮಗೆ ನಾನು ಸೂಚಿಸುವ ಕ್ರಮ ಹೀಗಿದೆ. ಮೊದಲು ಚರ್ಮರೋಗ ತಜ್ಞರು ಭೂತಗನ್ನಡಿಯಿಂದ ನೆತ್ತಿಯನ್ನು ಪರೀಕ್ಷಿಸಿ, ದಪ್ಪ ಮತ್ತು ತೆಳು ಕೂದಲು ಬೆರೆತಿರುವುದನ್ನು ಖಚಿತಪಡಿಸಲಿ. ಕಳೆದ ಕೆಲವು ತಿಂಗಳಲ್ಲಿ ದೊಡ್ಡ ಜ್ವರ ಬಂದಿದ್ದರೆ, ತೂಕ ಬಹಳ ಇಳಿದಿದ್ದರೆ, ಥೈರಾಯಿಡ್ ತೊಂದರೆಯ ಲಕ್ಷಣಗಳಿದ್ದರೆ ಅವನ್ನೂ ತಿಳಿಸಿ, ಏಕೆಂದರೆ ಅವುಗಳಿಂದ ಬರುವ ಉದುರುವಿಕೆಗೆ ಚಿಕಿತ್ಸೆ ಬೇರೆ. ಒಂದೇ ಜಾಗದಲ್ಲಿ, ಒಂದೇ ಬೆಳಕಿನಲ್ಲಿ, ಒಣಗಿದ ಕೂದಲಿನ ನಾಲ್ಕು ಚಿತ್ರಗಳನ್ನು ತೆಗೆದಿಟ್ಟುಕೊಳ್ಳಿ; ದಿನವೂ ಕನ್ನಡಿ ನೋಡುವುದಕ್ಕಿಂತ ಮೂರು ತಿಂಗಳಿಗೊಮ್ಮೆ ತೆಗೆದ ಚಿತ್ರಗಳೇ ಹೆಚ್ಚು ನಂಬಿಕಾರ್ಹ. ಮಿನಾಕ್ಸಿಡಿಲ್ ದ್ರಾವಣವನ್ನು ಮೇಲೆ ಹೇಳಿದ ರೀತಿಯಲ್ಲಿ ಮುಂದುವರಿಸಿ, ಹಚ್ಚಿದ ಮೇಲೆ ಕೈ ತೊಳೆದುಕೊಳ್ಳಿ. ಗರ್ಭಧಾರಣೆಯ ನಂತರ, ಮನೋವೈದ್ಯರ ಸಲಹೆ ಪಡೆದು, ನೀವೂ ನಿಮ್ಮ ಪತ್ನಿಯೂ ಒಪ್ಪಿದರೆ, 1 ಮಿ.ಗ್ರಾಂ. ಫಿನಾಸ್ಟರೈಡ್ ಮಾತ್ರೆಯೊಂದನ್ನೇ ಸೇರಿಸಿ. ಬೇರೇನನ್ನೂ ಬದಲಿಸದೆ ಆರು ತಿಂಗಳು ನೋಡಿ, ಒಂದು ವರ್ಷದ ಚಿತ್ರಗಳನ್ನು ಹೋಲಿಸಿ ತೀರ್ಮಾನಿಸಿ. ಮಿನಾಕ್ಸಿಡಿಲ್ ದ್ರಾವಣದಿಂದ ಮಾತ್ರೆಗೆ ಹೋಗುವ ಪ್ರಶ್ನೆ ಬಂದರೆ ಅದು ಇನ್ನೊಂದು ಪ್ರತ್ಯೇಕ ಹೆಜ್ಜೆಯಾಗಿರಲಿ, ಕನಿಷ್ಠ ಪ್ರಮಾಣದಿಂದ, ಮನೆಯಲ್ಲಿ ರಕ್ತದೊತ್ತಡವನ್ನು ಅಳೆಯುತ್ತಾ ನಡೆಯಲಿ.

ಫಿನಾಸ್ಟರೈಡ್ ಆರಂಭಿಸಿದ ದಿನದಿಂದ ಎರಡು ಸಂಗತಿಗಳು ನೆನಪಿರಲಿ. ಮಾತ್ರೆ ತೆಗೆದುಕೊಳ್ಳುತ್ತಿರುವಾಗ ರಕ್ತದಾನ ಮಾಡಬೇಡಿ. ನಿಲ್ಲಿಸಿ ಒಂದು ತಿಂಗಳಾದರೂ ಕಾಯಬೇಕು, ಡುಟಾಸ್ಟರೈಡ್ ಆದರೆ ಆರು ತಿಂಗಳು, ಏಕೆಂದರೆ ಆ ರಕ್ತ ಗರ್ಭಿಣಿಯೊಬ್ಬರಿಗೆ ಹೋಗಬಹುದು. ಮುಂದೆ ವಯಸ್ಸಾದಾಗ ಪ್ರಾಸ್ಟೇಟ್ ಕ್ಯಾನ್ಸರ್ ಪತ್ತೆಗೆ ಮಾಡುವ ಪಿಎಸ್‌ಎ ಪರೀಕ್ಷೆಯ ಅಂಕಿ ಈ ಔಷಧದಿಂದ ಸುಮಾರು ಅರ್ಧಕ್ಕಿಳಿದು ತೋರುತ್ತದೆ. ಕೂದಲಿನ ಮಾತ್ರೆಯೆಂದು ಸಂಕೋಚಪಟ್ಟು ಮುಚ್ಚಿಟ್ಟರೆ ವೈದ್ಯರು ಆ ಅಂಕಿಯನ್ನು ತಪ್ಪಾಗಿ ಓದುತ್ತಾರೆ. ಸೇವಿಸುವ ಮತ್ತು ಹಚ್ಚುವ ಎಲ್ಲ ಔಷಧಗಳ ಹೆಸರು, ಪ್ರಮಾಣ, ಆರಂಭಿಸಿದ ದಿನಾಂಕಗಳನ್ನು ಒಂದೇ ಹಾಳೆಯಲ್ಲಿ ಬರೆದು, ಚರ್ಮರೋಗ ತಜ್ಞರಿಗೂ ರಕ್ತದೊತ್ತಡ ನೋಡುವ ವೈದ್ಯರಿಗೂ ಮನೋವೈದ್ಯರಿಗೂ ಅದನ್ನೇ ತೋರಿಸಿ.